ವಿಜಯನಗರದ ಒಗ್ಗಟ್ಟು, 1947–56ರ ಏಕೀಕರಣ: ಎರಡನ್ನೂ ಒಂದೇ ಕೊಳಗದಲ್ಲಿ ಅಳೆಯಬಹುದೇ?

ಕೈವಾರ ಕ್ರಾಸ್ (ಚಿಂತಾಮಣಿ)

ನವೆಂಬರ್ ಬಂತೆಂದರೆ ಕಾಲೇಜು ಭಾಷಣಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: "ವಿಜಯನಗರದ ಕಾಲದಲ್ಲೇ ನಾವೆಲ್ಲ ಒಂದಾಗಿದ್ದೆವು, 1956ರಲ್ಲಿ ಮತ್ತೆ ಒಂದಾದೆವು." ಎರಡು ಕಡೆಯೂ "ಒಂದು" ಅನ್ನುವ ಪದ ಇದೆ. ಅದರ ಅರ್ಥವೂ ಒಂದೇನಾ? ಮುಳಬಾಗಿಲಿನ ರೈತ ಹಂಪಿಗೆ ಏನು ಕೊಡುತ್ತಿದ್ದ, ಹಂಪಿಯ ಯಾವ ಆಜ್ಞೆ ಅವನ ಹೊಲದ ಬದುವಿನವರೆಗೆ ಬರುತ್ತಿತ್ತು? 1947ರ ನಂತರ ಅದೇ ರೈತನ ಮಟ್ಟದಲ್ಲಿ ಬದಲಾದದ್ದೇನು, ಯಾವ ವರ್ಷ, ಯಾವ ಕಾಯ್ದೆಯಿಂದ? ದಯವಿಟ್ಟು ವೈಭವದ ವರ್ಣನೆ ಬೇಡ. ತೆರಿಗೆ, ಸೈನ್ಯ, ನಾಣ್ಯ, ಅಳತೆ, ನ್ಯಾಯ, ಲೆಕ್ಕದ ಪುಸ್ತಕ ಇವುಗಳ ಮೇಲೆ ಮಾತಾಡೋಣ. ಬಲ್ಲವರು ತುಮಕೂರು, ಕೋಲಾರ ಕಡೆಯ ಉದಾಹರಣೆ ಕೊಟ್ಟರೆ ಹುಡುಗರಿಗೆ ಹೇಳಿಕೊಡಲು ಸುಲಭ.

ಕುವಲಾಲಪುರ (ಕೋಲಾರ)

ಮುಳಬಾಗಿಲನ್ನೇ ತೆಗೆದುಕೊಂಡಿದ್ದು ಸರಿಯಾಯ್ತು. ವಿಜಯನಗರದ ಆಡಳಿತ ಹೇಗೆ ನಡೆಯುತ್ತಿತ್ತು ಅನ್ನೋದಕ್ಕೆ ಅದಕ್ಕಿಂತ ಒಳ್ಳೆಯ ಮಾದರಿ ನಮ್ಮ ಭಾಗದಲ್ಲಿ ಸಿಗೋದಿಲ್ಲ.

ಆಗಿನ ಮುಳಬಾಗಿಲು (ಶಾಸನಗಳ "ಮುಳುವಾಯಿ") ಒಂದು ರಾಜ್ಯದ ಕೇಂದ್ರ. ಇಲ್ಲಿ ರಾಜ್ಯ ಅಂದರೆ ಪ್ರಾಂತ್ಯ. ಅದರ ಕೆಳಗೆ ನಾಡು, ಸೀಮೆ, ಸ್ಥಳ, ಗ್ರಾಮ. ಬುಕ್ಕರಾಯನ ಮಗ ಕುಮಾರ ಕಂಪಣ ಇಲ್ಲಿದ್ದುಕೊಂಡೇ ತೊಂಡೈಮಂಡಲದ (ಕಂಚಿ ಸುತ್ತಲಿನ ಸೀಮೆ) ಮೇಲೆ, ಆಮೇಲೆ ಮಧುರೆಯ ಸುಲ್ತಾನರ ಮೇಲೆ ದಂಡೆತ್ತಿ ಹೋದದ್ದು. ಇಮ್ಮಡಿ ದೇವರಾಯನ ಕಾಲಕ್ಕೆ ಲಕ್ಕಣ್ಣ ದಂಡನಾಯಕ ಇಲ್ಲಿಂದ ಆಳಿದ. ಅಂದರೆ ಮುಳಬಾಗಿಲು ಗಡಿ ಕಾಯುವ ಊರಷ್ಟೇ ಅಲ್ಲ, ದಕ್ಷಿಣಕ್ಕೆ ಹೋಗುವ ಸೈನ್ಯಕ್ಕೆ ಅಕ್ಕಿ, ಮೇವು, ಎತ್ತು ಒದಗಿಸುವ ನೆಲೆ. ದೂರದ ಪ್ರಾಂತ್ಯಕ್ಕೆ ರಾಜನ ಮಗನನ್ನೋ ನಂಬಿಕಸ್ಥ ದಂಡನಾಯಕನನ್ನೋ ಕಳಿಸುವುದೇ ಆ ಒಗ್ಗಟ್ಟಿನ ಮೊದಲ ಉಪಾಯ.

ಎರಡನೆಯದು ನಾಯಕತನ. 16ನೇ ಶತಮಾನದ ಹೊತ್ತಿಗೆ ಭೂಮಿಯ ಬಹುಪಾಲು ಅಮರನಾಯಕರ (ದಂಡು ಸಾಕುವ ಷರತ್ತಿನ ಮೇಲೆ ಸೀಮೆ ಪಡೆದವರ) ಕೈಯಲ್ಲಿತ್ತು. ಅಚ್ಯುತರಾಯನ ಕಾಲದಲ್ಲಿ ಇಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟ ಲೆಕ್ಕದ ಪ್ರಕಾರ ಇಂಥ ನಾಯಕರು 200ಕ್ಕೂ ಹೆಚ್ಚು. ಅವರೆಲ್ಲರ ಹುಟ್ಟುವಳಿ ಸೇರಿ 120 ಲಕ್ಷ ವರಹ, ಅದರಲ್ಲಿ ರಾಯರಿಗೆ ಸಲ್ಲಬೇಕಾದ್ದು 60 ಲಕ್ಷ. ಉಳಿದ ಅರ್ಧದಲ್ಲಿ ಗೊತ್ತುಪಡಿಸಿದಷ್ಟು ಕಾಲಾಳು, ಕುದುರೆ, ಆನೆ ಸಾಕಬೇಕು. ಹಣ ಸಲ್ಲಿಸುವ ಗಡುವು ಮಹಾನವಮಿ. ಇಂದು ನಾವು ನೋಡುವ ಮಹಾನವಮಿ ದಿಬ್ಬ ಉತ್ಸವದ ಕಟ್ಟೆ ಮಾತ್ರವಲ್ಲ. ಆ ಒಂಬತ್ತು ದಿನ ಸಾಮ್ರಾಜ್ಯದ ಲೆಕ್ಕ ಚುಕ್ತಾ ಆಗುವ ದಿನಗಳೂ ಹೌದು.

ಹಂಪಿಯ ಖಜಾನೆಗೆ ಗೊತ್ತಿದ್ದದ್ದು ನಾಯಕನ ಹೆಸರು, ಅವನು ಕೊಡಬೇಕಾದ ಮೊತ್ತ, ತರಬೇಕಾದ ದಂಡು. ರೈತನ ಹೆಸರು ಹಂಪಿಯ ಯಾವ ಪುಸ್ತಕದಲ್ಲೂ ಇರಬೇಕಾದ ಅಗತ್ಯವೇ ಇರಲಿಲ್ಲ. ಈ ವ್ಯವಸ್ಥೆ ಕೆಟ್ಟದ್ದೂ ಇಲ್ಲೇ. ರಾಯರಿಗೆ ಕೊಡುವ ಮೊತ್ತ ಮೊದಲೇ ನಿಗದಿಯಾಗಿದ್ದರಿಂದ, ಮಳೆ ಕೈಕೊಟ್ಟ ವರ್ಷದ ಕೊರತೆಯನ್ನು ನಾಯಕ ಕೆಳಗಿನವರ ಮೇಲೆ ತಳ್ಳುತ್ತಿದ್ದ. ತಮಿಳು ಸೀಮೆಯಲ್ಲಿ 1429ರಲ್ಲಿ ಬಲಗೈ ಎಡಗೈ ಅನ್ನುವ ಎದುರಾಳಿ ಜಾತಿ ಪಂಗಡಗಳೆರಡೂ ಜಗಳ ಬಿಟ್ಟು ಒಟ್ಟಾಗಿ ತೆರಿಗೆ ವಸೂಲಿಗೆ ತಿರುಗಿಬಿದ್ದದ್ದು ಶಾಸನಗಳಲ್ಲೇ ಇದೆ. ಅದು ಇಮ್ಮಡಿ ದೇವರಾಯನ ಕಾಲ, ಸಾಮ್ರಾಜ್ಯ ಗಟ್ಟಿಯಾಗಿದ್ದ ಕಾಲ. ಇದನ್ನು ಮರೆಯಬಾರದು.

1565ರ ನಂತರ ರಾಜಧಾನಿ ಪೆನುಕೊಂಡೆಗೆ ಬಂತು. ನಮ್ಮ ಗೌರಿಬಿದನೂರು, ಪಾವಗಡದ ಪಕ್ಕಕ್ಕೇ ರಾಯರು ಬಂದು ಕೂತಂತಾಯ್ತು. ಆದರೂ ಆವತಿ ಮನೆತನದ ಕವಲುಗಳು, ಚಿಕ್ಕಬಳ್ಳಾಪುರ, ಹಾಗಲವಾಡಿ, ಮಧುಗಿರಿಯ ಪಾಳೆಯಗಾರರು ತಂತಮ್ಮ ಕೋಟೆ ಭದ್ರ ಮಾಡಿಕೊಳ್ಳುವುದು ನಿಲ್ಲಲಿಲ್ಲ. ರಾಜಧಾನಿ ಹತ್ತಿರ ಬಂದಷ್ಟಕ್ಕೆ ಒಗ್ಗಟ್ಟು ಹೆಚ್ಚಾಗಲಿಲ್ಲ. ರಾಯರ ಸೈನ್ಯ ಅಂದರೆ ನಾಯಕರ ಸೈನ್ಯವೇ. ಅವರು ಕಳಿಸದಿದ್ದರೆ ರಾಯರ ಬಳಿ ಉಳಿಯುತ್ತಿದ್ದದ್ದು ಅಲ್ಪ.

ಬಟವಾಡಿ (ತುಮಕೂರು)

ಸರ್, ವಿವರ ಚೆನ್ನಾಗಿದೆ. ಆದರೆ "ಸಾಮ್ರಾಜ್ಯಗಳಿಗೆ ಏಕರೂಪದ ಕಲ್ಪನೆಯೇ ಇರಲಿಲ್ಲ" ಅನ್ನುವ ತೀರ್ಮಾನಕ್ಕೆ ಯಾರೂ ಹೋಗದಿರಲಿ ಅಂತ ಇನ್ನೂ ಹಿಂದಿನ ಒಂದು ಸಾಕ್ಷಿ ಇಡುತ್ತೇನೆ.

ಪಾವಗಡದಿಂದ ವಾಯವ್ಯಕ್ಕೆ ಹೋದರೆ ಮೊಳಕಾಲ್ಮೂರು ತಾಲ್ಲೂಕು. ಅಲ್ಲಿ ಬ್ರಹ್ಮಗಿರಿ, ಸಿದ್ಧಾಪುರ, ಜಟಿಂಗ ರಾಮೇಶ್ವರ, ಹತ್ತಿರ ಹತ್ತಿರವೇ ಅಶೋಕನ ಮೂರು ಬಂಡೆ ಶಾಸನಗಳು; ಬಿ.ಎಲ್. ರೈಸ್ 1892ರಲ್ಲಿ ಕಂಡುಹಿಡಿದದ್ದು. ಬ್ರಹ್ಮಗಿರಿ ಶಾಸನದ ಮೊದಲ ಸಾಲೇ ಆಡಳಿತದ ಏಣಿಯನ್ನು ತೋರಿಸುತ್ತದೆ: ಸುವರ್ಣಗಿರಿಯಿಂದ ಆರ್ಯಪುತ್ರನೂ (ರಾಜಕುಮಾರ) ಮಹಾಮಾತ್ರರೂ (ಹಿರಿಯ ಅಧಿಕಾರಿಗಳು) ಇಸಿಲದ (ಈ ಬಂಡೆಗಳ ಬಳಿಯ ಆಗಿನ ಊರು) ಮಹಾಮಾತ್ರರ ಕ್ಷೇಮ ವಿಚಾರಿಸಿ ಹೀಗೆ ತಿಳಿಸುತ್ತಾರೆ ಅಂತ. ಪಾಟಲಿಪುತ್ರದ ಮಾತು ನೇರವಾಗಿ ಇಸಿಲಕ್ಕೆ ಬರಲಿಲ್ಲ. ಸುವರ್ಣಗಿರಿಯಲ್ಲಿದ್ದ ರಾಜಕುಮಾರನ ಕಚೇರಿ ಮೂಲಕ ಬಂತು. ಪಾಟ್ನಾದಿಂದ ಬ್ರಹ್ಮಗಿರಿಗೆ ನೇರ ಗೆರೆ ಎಳೆದರೂ ಸುಮಾರು 1,500 ಕಿ.ಮೀ. ದಿನಕ್ಕೆ 25 ಕಿ.ಮೀ. ನಡೆದರೂ ಎರಡು ತಿಂಗಳು, ಹೊಳೆ ಕಾಡು ಸುತ್ತಿ ಬರಬೇಕಾದ್ದರಿಂದ ಇನ್ನೂ ಹೆಚ್ಚು.

ಶಾಸನದ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕೊನೆಯಲ್ಲಿ ಬರೆದವನು ಚಪಡ ಅಂತ ಹೆಸರು ಹಾಕಿ, ತಾನು ಲಿಪಿಕಾರ ಅನ್ನುವ ಪದವನ್ನು ಮಾತ್ರ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಖರೋಷ್ಠಿ ವಾಯವ್ಯದ, ಗಾಂಧಾರದ ಕಡೆಯ ಲಿಪಿ. ಆ ಲಿಪಿ ಬಲ್ಲವನೊಬ್ಬ ಮೊಳಕಾಲ್ಮೂರಿನ ಬಂಡೆಯ ಮುಂದೆ ಕೂತು ಕೆತ್ತುತ್ತಿದ್ದಾನೆ ಅಂದರೆ ನೌಕರರನ್ನು ಒಂದು ಮೂಲೆಯಿಂದ ಇನ್ನೊಂದಕ್ಕೆ ಕಳಿಸುವ ಪದ್ಧತಿ ಇತ್ತು ಅಂತ ಊಹಿಸಬಹುದು. ನನಗೆ ಇಡೀ ದಕ್ಷಿಣದ ಅಶೋಕ ಶಾಸನಗಳಲ್ಲಿ ಅತ್ಯಂತ ಬೆಲೆಬಾಳುವ ಪದ ಅದು.

ಇನ್ನು ಏಕರೂಪದ ಮಾತು. ಅಶೋಕನ ನಾಲ್ಕನೇ ಸ್ತಂಭ ಶಾಸನದಲ್ಲಿ "ವ್ಯವಹಾರ ಸಮತಾ", "ದಂಡ ಸಮತಾ" ಅನ್ನುವ ಪದಗಳಿವೆ. ವಿಚಾರಣೆಯ ಕ್ರಮವೂ ಶಿಕ್ಷೆಯೂ ಎಲ್ಲೆಡೆ ಒಂದೇ ಆಗಿರಲಿ ಅಂತ. ಮರಣದಂಡನೆ ಆದವರಿಗೆ ಮೂರು ದಿನದ ಬಿಡುವು ಕೊಡಬೇಕು ಅನ್ನುವ ನಿರ್ದಿಷ್ಟ ಆಜ್ಞೆಯೂ ಅಲ್ಲೇ ಇದೆ. ಆ ಸ್ತಂಭ ಶಾಸನಗಳು ನಿಂತಿರುವುದು ಗಂಗಾ ಬಯಲಿನಲ್ಲಿ. ನಮ್ಮ ಕಡೆಯ ಬಂಡೆಗಳ ಮೇಲೆ ಇರುವುದು ಧರ್ಮದ ಉಪದೇಶ: ತಂದೆತಾಯಿಯ ಮಾತು ಕೇಳು, ಜೀವಿಗಳ ಮೇಲೆ ದಯೆ ಇರಲಿ, ಸತ್ಯ ಹೇಳು, ಗುರುವನ್ನು ಗೌರವಿಸು. ಆಸೆ ಇತ್ತು, ಅದನ್ನು ಹೊತ್ತು ತರುವ ಕಚೇರಿ ಜಾಲ ಇಲ್ಲಿ ತೆಳುವಾಗಿತ್ತು. ಎರಡನೇ ಬಂಡೆ ಶಾಸನದಲ್ಲಿ ಚೋಳ, ಪಾಂಡ್ಯ, ಸತಿಯಪುತ್ರ, ಕೇರಳಪುತ್ರರನ್ನು ಗಡಿಯಾಚೆಯವರು ಅಂತಲೇ ಎಣಿಸಿದ್ದಾನೆ. ನಾವು ಆ ಅಂಚಿಗೆ ಹತ್ತಿರದವರು.

ಗುಂಟೆ–ಆಣೆ (ಮಧುಗಿರಿ)

ಮೇಲಿಂದ ಮಾತಾಡಿದ್ದು ಸಾಕು, ಕೆಳಗಿಂದ ಬರೋಣ. ಕೈವಾರ ಕ್ರಾಸ್ ಅವರು ಹೊಲದ ಬದು ಅಂದಿದ್ದಾರೆ, ಅದರಿಂದಲೇ ಶುರುಮಾಡುತ್ತೇನೆ.

ಯಾವ ಸಾಮ್ರಾಜ್ಯ ಬಂದರೂ ಹೋದರೂ ಊರಿನಲ್ಲಿ ಕದಲದೆ ಉಳಿದವರು ಗೌಡ ಮತ್ತು ಶಾನುಭೋಗ. ಶಾನುಭೋಗರ ಕಡತ ಅಂದರೆ ಇದ್ದಿಲು, ಹುಣಸೆಬೀಜದ ಅಂಟು ಬಳಿದು ಕಪ್ಪು ಮಾಡಿದ ಬಟ್ಟೆ. ಮಡಿಚಿ ಇಡಬಹುದು, ಬಳಪದಿಂದ ಬರೆಯಬಹುದು, ಒರೆಸಿ ಮತ್ತೆ ಬರೆಯಬಹುದು. ಅದರಲ್ಲಿ ಏನಿದೆ ಅನ್ನೋದು ಶಾನುಭೋಗರ ಮನೆಗೆ ಮಾತ್ರ ಗೊತ್ತು. ರಾಯರೂ ಬಿಜಾಪುರದವರೂ ಮೊಗಲರೂ ಎಲ್ಲರೂ ಅದೇ ಕಡತದ ಮೇಲೆ ನಿಂತೇ ತೆರಿಗೆ ಎತ್ತಿದ್ದು. ಅದು ಅಪ್ಪನಿಂದ ಮಗನಿಗೆ ಹೋಗುವ ಹುದ್ದೆ. ಸಾಮ್ರಾಜ್ಯದ ಒಗ್ಗಟ್ಟು ಎಷ್ಟು ಕೆಳಗೆ ಇಳಿದಿತ್ತು ಅಂತ ಕೇಳಿದರೆ ಆ ಮನೆಯ ಹೊಸ್ತಿಲವರೆಗೆ, ಒಳಗಲ್ಲ.

ಅಳತೆಯೂ ಹಾಗೇ. ಖಂಡುಗ, ಕೊಳಗ ಅಂತ ಶಾಸನಗಳಲ್ಲಿ ಬರುವ ಭೂಮಿಯ ಲೆಕ್ಕ ಬಿತ್ತನೆಯ ಲೆಕ್ಕ. 20 ಕೊಳಗಕ್ಕೆ 1 ಖಂಡುಗ. ಇಷ್ಟು ಬೀಜ ಬೀಳುವ ನೆಲ ಇಷ್ಟು ಅಂತ. ಗದ್ದೆಯ ಖಂಡುಗ ಬೇರೆ, ಹೊಲದ ಖಂಡುಗ ಬೇರೆ, ಊರಿಂದೂರಿಗೆ ಕೊಳಗವೇ ಬೇರೆ.

ಇದು ಮೊದಲು ಬದಲಾದದ್ದು ಸ್ವಾತಂತ್ರ್ಯದಿಂದಲ್ಲ, 1863ರಲ್ಲಿ ಮೈಸೂರಿನಲ್ಲಿ ಕಂದಾಯ ಸರ್ವೆ ಶುರುವಾದಾಗ. ಬೊಂಬಾಯಿ ಪದ್ಧತಿ ತಂದರು. ಸರಪಳಿ 33 ಅಡಿ, ಅದಕ್ಕೆ 16 ಆಣೆ. ಒಂದು ಸರಪಳಿ ಚಚ್ಚೌಕ ಅಂದರೆ 33×33 = 1,089 ಚದರ ಅಡಿ, ಅದೇ 1 ಗುಂಟೆ; 40 ಗುಂಟೆಗೆ 1 ಎಕರೆ. ಮದ್ರಾಸಿನವರು 66 ಅಡಿಯ ಸರಪಳಿ ಹಿಡಿದರು, 100 ಕೊಂಡಿ. ಅವರ ಒಂದು ಚದರ ಸರಪಳಿ 10 ಸೆಂಟ್ಸ್. ಎಕರೆ ಇಬ್ಬರದೂ ಒಂದೇ, ಒಡೆಯುವ ರೀತಿ ಬೇರೆ. 1 ಗುಂಟೆ = 2.5 ಸೆಂಟ್ಸ್. ಇವತ್ತಿಗೂ ಪಾವಗಡದಿಂದ ಗಡಿ ದಾಟಿ ಅನಂತಪುರದ ಕಡೆ ಹೋದರೆ ಗುಂಟೆ ನಿಂತು ಸೆಂಟ್ಸ್ ಶುರುವಾಗುತ್ತದೆ. ರಾಜ್ಯದ ಗಡಿ ಅಲ್ಲಿ ಸರಪಳಿಯ ಗಡಿಯೂ ಹೌದು.

1956ರಲ್ಲಿ ಇದರ ಪರಿಣಾಮ ಚೆನ್ನಾಗಿ ಕಂಡಿತು. ಬೊಂಬಾಯಿ ಕರ್ನಾಟಕದ ದಾಖಲೆ ನಮ್ಮದಕ್ಕೆ ಹೊಂದಿತು, ಯಾಕೆಂದರೆ ಸರ್ವೆಯ ಬೇರು ಒಂದೇ. ದಕ್ಷಿಣ ಕನ್ನಡದ್ದು ಮದ್ರಾಸ್ ಪದ್ಧತಿ. ವರ್ಗ, ಮೂಲಗೇಣಿ ಅನ್ನುವ ಬೇರೆ ಬಗೆಯ ಹಿಡುವಳಿಗಳು, ಅಳತೆ ಸೆಂಟ್ಸ್. ಅದನ್ನು ಹೊಂದಿಸಲು ಬಹಳ ಕೆಲಸ ಹಿಡಿಯಿತು. ಎಲ್ಲೆಡೆಗೂ ಒಂದೇ ಭೂಕಂದಾಯ ಕಾಯ್ದೆ ಜಾರಿಗೆ ಬಂದದ್ದು 1964ರ ಏಪ್ರಿಲ್ 1ಕ್ಕೆ. ವಂಶಪಾರಂಪರ್ಯದ ಪಟೇಲ, ಶಾನುಭೋಗ ಹುದ್ದೆಗಳು ರದ್ದಾದದ್ದು 1961ರ ಕಾಯ್ದೆಯಿಂದ, ಜಾರಿ 1963ರ ಫೆಬ್ರವರಿ 1. ಕೇಳಿದ ಪ್ರಶ್ನೆಗೆ ನನ್ನ ಉತ್ತರ ಆ ಎರಡು ದಿನಾಂಕಗಳು. ಬಾವುಟ ಹಾರಿದ್ದು 1947, ನಕ್ಷೆ ಬದಲಾದದ್ದು 1956, ಸರ್ಕಾರ ಊರೊಳಗೆ ಬಂದದ್ದು 1963–64.

ಶಿರಾ ಪರಗಣ

ಗುಂಟೆ–ಆಣೆ ಅವರ ಹೊಸ್ತಿಲಿನ ಮಾತಿಗೆ ಶಿರಾದಿಂದ ಒಂದು ಪುರಾವೆ. 1687ರಲ್ಲಿ ಮೊಗಲರು ಶಿರಾವನ್ನು ಸುಬಾದ (ಪ್ರಾಂತ್ಯದ) ಕೇಂದ್ರ ಮಾಡಿದಾಗ ಅದರ ಕೆಳಗೆ ಏಳು ಪರಗಣ (ಪ್ರಾಂತ್ಯದ ಭಾಗಗಳು) ಇಟ್ಟರು: ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಕೊಂಡೆ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ. ಇವು ನೇರ ವಸೂಲಿಯ ಪ್ರದೇಶ. ಚಿತ್ರದುರ್ಗ, ರತ್ನಗಿರಿ, ಚಿಕ್ಕಬಳ್ಳಾಪುರದಂಥ ಪಾಳೆಯಪಟ್ಟುಗಳು ಪೇಷ್ಕಷ್ (ಕಪ್ಪ) ಕೊಟ್ಟರೆ ಸಾಕು, ಒಳಗಿನ ಆಡಳಿತ ಅವರದ್ದೇ. ನಕ್ಷೆಯಲ್ಲಿ ಬಣ್ಣ ಒಂದೇ, ನೆಲದ ಮೇಲೆ ಎರಡು ಬಗೆ. ಪೇಷ್ಕಷ್ ನಿಂತಿತು ಅಂದರೆ ಫೌಜ್ದಾರ (ಮೊಗಲರ ಸೇನಾಧಿಕಾರಿ) ದಂಡು ಕಳಿಸಬೇಕು. ದಂಡಿನ ಖರ್ಚು ಬಾಕಿಗಿಂತ ಜಾಸ್ತಿ ಆದಾಗ ಸುಬಾ ಹೆಸರಿಗೆ ಮಾತ್ರ ಉಳಿಯುತ್ತದೆ. ಹೈದರಾಲಿಯ ತಂದೆ ಫತೆ ಮಹಮ್ಮದ್ ಇದೇ ಶಿರಾ ಸುಬೇದಾರರ ಕೈಕೆಳಗೆ ದುಡಿದವನು, ಗೋರಿ ಕೋಲಾರದಲ್ಲಿದೆ. ಸುಬಾದ ನೌಕರನ ಮಗ 1761ರಲ್ಲಿ ಸುಬಾವನ್ನೇ ತನ್ನದಾಗಿಸಿಕೊಂಡ.

ಕೈವಾರ ಕ್ರಾಸ್ (ಚಿಂತಾಮಣಿ)

ಎಲ್ಲರಿಗೂ ವಂದನೆ. ಈಗ ಒಂದು ಸಂದೇಹ. ಮೈಸೂರು ಮಹಾರಾಜರು 1947ರಲ್ಲಿ ಸಹಿ ಹಾಕಿದ ಸೇರ್ಪಡೆ ಪತ್ರವೂ ಒಂದು ಬಗೆಯ ಪೇಷ್ಕಷ್ ಒಪ್ಪಂದದ ಹಾಗೇ ಕಾಣುತ್ತದಲ್ಲ? ಮೂರು ವಿಷಯ ಕೊಟ್ಟು ಮಿಕ್ಕದ್ದೆಲ್ಲ ಇಟ್ಟುಕೊಳ್ಳುವುದು. ಹಾಗಿದ್ದರೆ ಅದು ಚದುರಿಹೋಗದೆ ಗಟ್ಟಿಯಾದದ್ದು ಹೇಗೆ?

ಬಟವಾಡಿ (ತುಮಕೂರು)

ತುಂಬ ಒಳ್ಳೆಯ ಪ್ರಶ್ನೆ. ಕಾಗದದ ಮೇಲೆ ಆ ಸೇರ್ಪಡೆ ನಾಯಕತನಕ್ಕಿಂತಲೂ ತೆಳು ಸರ್. ನಾಯಕ ಅರ್ಧ ಹುಟ್ಟುವಳಿ ಕೊಡಬೇಕಿತ್ತು, ದಂಡು ತರಬೇಕಿತ್ತು. 1947ರ ಆಗಸ್ಟ್‌ನ ಸೇರ್ಪಡೆ ಪತ್ರದಲ್ಲಿ ರಕ್ಷಣೆ, ವಿದೇಶಾಂಗ, ಸಂಪರ್ಕ ಮೂರೇ ವಿಷಯ, ಹಣದ ಬಾಧ್ಯತೆ ಇಲ್ಲ. ಏಳನೇ ಕಲಮು, ಮುಂದೆ ಬರುವ ಸಂವಿಧಾನವನ್ನು ಒಪ್ಪಲೇಬೇಕೆಂಬ ಬಂಧನ ಇಲ್ಲ ಅನ್ನುತ್ತದೆ. ಎಂಟನೇ ಕಲಮು, ಸಂಸ್ಥಾನದ ಸಾರ್ವಭೌಮತ್ವ ಮುಂದುವರಿಯುತ್ತದೆ ಅನ್ನುತ್ತದೆ. 560ಕ್ಕೂ ಹೆಚ್ಚು ಸಂಸ್ಥಾನಗಳ ಕಥೆ ಇದೇ ಹಾಳೆಯಿಂದ ಶುರು.

ಗಟ್ಟಿಯಾದದ್ದು ಹಂತ ಹಂತವಾಗಿ. ಮೊದಲು ಒಳಗಿನ ಒತ್ತಡ. 1947ರ ಸೆಪ್ಟೆಂಬರಿನಲ್ಲಿ "ಮೈಸೂರು ಚಲೋ", ಜವಾಬ್ದಾರಿ ಸರ್ಕಾರ ಬೇಕು ಅಂತ. ಅಕ್ಟೋಬರ್ 25ಕ್ಕೆ ಕೆ.ಸಿ. ರೆಡ್ಡಿ ಅಧಿಕಾರ ವಹಿಸಿಕೊಂಡರು, ನಮ್ಮ ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯವರು. ಇದಕ್ಕೆ ನೆಲ ಹದವಾಗಿದ್ದದ್ದು ಮೊದಲೇ. ಗೌರಿಬಿದನೂರಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಗುಂಡು ಹಾರಿದ್ದು ಬಾವುಟ ಕಟ್ಟುವ ವಿಷಯಕ್ಕೆ. ಪೇಷ್ಕಷ್ ಒಪ್ಪಂದದಲ್ಲಿ ಮೇಲಿನವನೂ ಕೆಳಗಿನವನೂ ಇಬ್ಬರೇ ಕಕ್ಷಿದಾರರು. ಇಲ್ಲಿ ಮೂರನೆಯ ಕಕ್ಷಿ ಇತ್ತು: ಪ್ರಜೆಗಳು. ನನ್ನ ಮಟ್ಟಿಗೆ ಹಳೆಯದಕ್ಕೂ ಹೊಸದಕ್ಕೂ ಇರುವ ದೊಡ್ಡ ಅಂತರ ಇದೇ.

ಆಮೇಲೆ 1949ರ ನವೆಂಬರ್ 25ರ ಘೋಷಣೆ, ಭಾರತದ ಸಂವಿಧಾನವನ್ನೇ ಮೈಸೂರಿಗೂ ಒಪ್ಪಿಕೊಂಡದ್ದು. 1950ರ ಜನವರಿ 26ಕ್ಕೆ ಮೈಸೂರು "ಬಿ" ಭಾಗದ (ಹಿಂದಿನ ಸಂಸ್ಥಾನಗಳ ಗುಂಪಿನ) ರಾಜ್ಯ, ಮಹಾರಾಜರು ರಾಜಪ್ರಮುಖರು, ಅಂದರೆ ರಾಜ್ಯಪಾಲರ ಸ್ಥಾನದಲ್ಲಿದ್ದವರು. 1950ರ ಏಪ್ರಿಲ್ 1ಕ್ಕೆ ಹಣಕಾಸಿನ ವಿಲೀನ. ಭಾಷಣಗಳಲ್ಲಿ ಈ ಕೊನೆಯದನ್ನು ಯಾರೂ ಹೇಳುವುದಿಲ್ಲ, ಹೇಳಲೇಬೇಕಾದ್ದು ಇದೇ. ವಿ.ಟಿ. ಕೃಷ್ಣಮಾಚಾರಿ ಸಮಿತಿ ಪ್ರತಿ ಸಂಸ್ಥಾನದ ಆಯವ್ಯಯ ಬಿಡಿಸಿ ಎರಡು ರಾಶಿ ಮಾಡಿತು. ಆದಾಯ ತೆರಿಗೆ, ರೈಲ್ವೆ, ಸೈನ್ಯ ಇಂಥವು ಕೇಂದ್ರಕ್ಕೆ. ಭೂಕಂದಾಯ ಇಂಥವು ರಾಜ್ಯಕ್ಕೆ. ಕೇಂದ್ರಕ್ಕೆ ಹೋದ ಆದಾಯದಿಂದ ಕೇಂದ್ರಕ್ಕೆ ಹೋದ ಖರ್ಚನ್ನು ಕಳೆದು, ಉಳಿದ ಖೋತಾವನ್ನು ಕೇಂದ್ರ ತುಂಬಿಕೊಡಬೇಕು. ಸಂವಿಧಾನದ ಆಗಿನ 278ನೇ ವಿಧಿ ಇಂಥ ಒಪ್ಪಂದಕ್ಕೆ ಹತ್ತು ವರ್ಷದ ಮಿತಿ ಇಟ್ಟಿತ್ತು.

2017ರ ಜುಲೈ 1ರ ಜಿಎಸ್‌ಟಿಯಲ್ಲೂ ಇದೇ ಉಪಾಯ ಕಾಣುತ್ತದೆ. ರಾಜ್ಯಗಳು ಬಹುತೇಕ ಸರಕುಗಳ ಮೇಲಿನ ಮಾರಾಟ ತೆರಿಗೆಯ ಅಧಿಕಾರ ಬಿಟ್ಟುಕೊಟ್ಟವು, ಬದಲಿಗೆ 2015–16ರ ವಸೂಲಿಯ ಮೇಲೆ ವರ್ಷಕ್ಕೆ ಶೇ. 14ರ ಬೆಳವಣಿಗೆ ಹಿಡಿದು ಐದು ವರ್ಷ ನಷ್ಟ ತುಂಬಿಕೊಡುವ ಕಾಯ್ದೆ. ಸೇರಿದ್ದರಿಂದ ಆಗುವ ನಷ್ಟವನ್ನು ಇಂತಿಷ್ಟು ವರ್ಷ ತುಂಬಿಕೊಡುತ್ತೇವೆ ಅನ್ನುವ ಬರಹದ ಭರವಸೆ ರಾಯರ ಕಾಲದಲ್ಲೂ ಮೊಗಲರ ಕಾಲದಲ್ಲೂ ಇರಲಿಲ್ಲ. ಅಲ್ಲಿ ನಷ್ಟ ಯಾವಾಗಲೂ ಕೆಳಗಿನವನದು.

ಕುವಲಾಲಪುರ (ಕೋಲಾರ)

ಬಟವಾಡಿ ಮೇಡಂ ಹೇಳಿದ್ದಕ್ಕೆ ಸೇರಿಸುವುದಿದೆ. ಮೈಸೂರಿಗೆ ಇದು ಅಷ್ಟು ಸಲೀಸಾದದ್ದಕ್ಕೆ ಕಾರಣ, ಅರ್ಧ ಕೆಲಸ ಮೊದಲೇ ಮುಗಿದಿತ್ತು. ಮೈಸೂರಿನ ಅಂಚೆ 1889ರಲ್ಲೇ ಬ್ರಿಟಿಷ್ ಇಂಡಿಯಾದ ಟಪಾಲಿನಲ್ಲಿ ಸೇರಿಹೋಗಿತ್ತು. ರೂಪಾಯಿ ಒಂದೇ ಆಗಿತ್ತು. ಬೆಂಗಳೂರು–ತುಮಕೂರು ರೈಲು 1884ರಿಂದ ಓಡುತ್ತಿತ್ತು. ಮೈಸೂರು ರೈಲ್ವೆ 1951ರ ಏಪ್ರಿಲ್ 14ಕ್ಕೆ ದಕ್ಷಿಣ ರೈಲ್ವೆಗೆ ಸೇರಿದಾಗ ಪ್ರಯಾಣಿಕನಿಗೆ ವ್ಯತ್ಯಾಸ ಗೊತ್ತಾಗಿರಲಿಕ್ಕಿಲ್ಲ. ಹೈದರಾಬಾದಿಗೆ ತನ್ನದೇ ಹಾಲಿ ಸಿಕ್ಕಾ ರೂಪಾಯಿ, ತನ್ನದೇ ಟಪಾಲು, ತನ್ನದೇ ಸುಂಕದ ಕಟ್ಟೆ. ಅದನ್ನು ಸೇರಿಸಿಕೊಂಡ 1948ರ ಸೆಪ್ಟೆಂಬರ್ ಸೈನಿಕ ಕಾರ್ಯಾಚರಣೆ ಐದು ದಿನದಲ್ಲಿ ಮುಗಿಯಿತು, ನಾಣ್ಯ ಬದಲಾಯಿಸಲು ವರ್ಷಗಳೇ ಹಿಡಿದವು. ಹೈದರಾಬಾದಿನಿಂದ ಬಂದ ಕಲಬುರಗಿ, ರಾಯಚೂರು ಭಾಗದ ಹಿನ್ನಡೆ ಸರಿಪಡಿಸಲು ಸಂವಿಧಾನದ 371ಜೆ ವಿಧಿ ಬಂದದ್ದು 2012ರ ತಿದ್ದುಪಡಿಯಲ್ಲಿ. ಸೇರುವ ಹೊತ್ತಿಗೆ ಇದ್ದ ಅಂತರ ಸೇರಿದ ಮೇಲೆ ತಾನಾಗಿ ಹೋಗುವುದಿಲ್ಲ.

ಕೆಜಿಎಫ್ ಇದಕ್ಕೆ ಇನ್ನೊಂದು ನಿದರ್ಶನ. ಸಂಸ್ಥಾನದ ಕಾಲದಲ್ಲಿ ಚಿನ್ನದ ರಾಜಧನ ಮೈಸೂರಿನ ಬೊಕ್ಕಸಕ್ಕೆ. 1956ರಲ್ಲಿ ಗಣಿಗಳು ರಾಜ್ಯ ಸರ್ಕಾರದ ಕೈಗೆ, 1962ರಲ್ಲಿ ಕೇಂದ್ರದ ಕೈಗೆ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಕಂಪನಿ, 2001ರಲ್ಲಿ ಬಾಗಿಲು. ಹದಿನಾರು ವರ್ಷದಲ್ಲಿ ಒಡೆತನ ಮೂರು ಮೆಟ್ಟಿಲು ಏರಿತು. ಮುಚ್ಚುವ ತೀರ್ಮಾನ ಕೋಲಾರದಲ್ಲಿ ಆಗಲಿಲ್ಲ, ಬೆಂಗಳೂರಿನಲ್ಲೂ ಆಗಲಿಲ್ಲ. ಆಧುನಿಕ ಏಕೀಕರಣದ ಈ ಮುಖವನ್ನೂ ಹುಡುಗರಿಗೆ ಹೇಳಬೇಕು: ಆಜ್ಞೆ ಕೊನೆಯ ಮನೆಯವರೆಗೆ ಇಳಿಯುತ್ತದೆ ಅಂದರೆ ಕೊನೆಯ ಮನೆಯ ಕೆಲಸವನ್ನೂ ದೂರದಿಂದಲೇ ನಿಲ್ಲಿಸಬಹುದು.

ಏಕಶಿಲೆ (ಮಧುಗಿರಿ)

ಭಾರತದ ಹೊರಗಿನ ಒಂದು ಹೋಲಿಕೆಗೆ ಅವಕಾಶ ಕೊಡಿ. ರೋಮ್ ಮತ್ತು ಯುರೋಪಿಯನ್ ಒಕ್ಕೂಟ.

ರೋಮ್ ಇಟಲಿಯ ಊರುಗಳನ್ನು "ಮಿತ್ರರು" ಅಂತ ಸೇರಿಸಿಕೊಂಡಿತು. ಮಿತ್ರರು ಸೈನಿಕರನ್ನು ಕೊಡಬೇಕು, ಮತದ ಹಕ್ಕು ಇಲ್ಲ. ಕ್ರಿ.ಪೂ. 91ರಲ್ಲಿ ಮಿತ್ರರೇ ದಂಗೆ ಎದ್ದರು. ಯುದ್ಧದ ನಡುವೆಯೇ ಕ್ರಿ.ಪೂ. 90ರಲ್ಲಿ ಕಾನೂನು ಮಾಡಿ ಪೌರತ್ವ ಕೊಡಬೇಕಾಯ್ತು. ಕ್ರಿ.ಶ. 212ರಲ್ಲಿ ಕ್ಯಾರಕಲ್ಲ ಸಾಮ್ರಾಜ್ಯದ ಸ್ವತಂತ್ರ ಜನರಿಗೆಲ್ಲ ಪೌರತ್ವ ಘೋಷಿಸಿದ. ಆದರೆ ಅಷ್ಟು ಹೊತ್ತಿಗೆ ಆ ಪೌರತ್ವದಲ್ಲಿ ಮತ ಹಾಕುವ ಅರ್ಥವೇ ಉಳಿದಿರಲಿಲ್ಲ. ಬಂದದ್ದು ಹೆಚ್ಚಾಗಿ ಕಾನೂನಿನ ಸ್ಥಾನಮಾನ, ಜೊತೆಗೆ ಪೌರರ ಮೇಲಿನ ವಾರಸಾ ತೆರಿಗೆ. ಮುಂದಿನ ಆರು ದಶಕದಲ್ಲಿ ಬೆಳ್ಳಿ ನಾಣ್ಯದಲ್ಲಿ ಬೆಳ್ಳಿ ಕರಗುತ್ತಾ ಹೋಗಿ ಮೇಲ್ಮೈ ಲೇಪನಕ್ಕೆ ಇಳಿಯಿತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕ ಅಗಸ್ಟಸ್, ತೈಬೀರಿಯಸ್ ಕಾಲದ ದಿನಾರಗಳು ಒಳ್ಳೆಯ ಬೆಳ್ಳಿಯವು. ಅದಕ್ಕೇ ಇಲ್ಲಿಯವರೆಗೆ ನಂಬಿಕೆಯಿಂದ ಓಡಾಡಿದವು.

ಒಕ್ಕೂಟದ್ದು ತಿರುಗುಮುರುಗು. 1957ರಲ್ಲಿ ರೋಮ್ ನಗರದಲ್ಲೇ ಒಪ್ಪಂದ. ಮೊದಲು ಸುಂಕ, ಮಾರುಕಟ್ಟೆ, ಆಮೇಲೆ ನಾಣ್ಯ. ಯೂರೋ ನೋಟು ಕೈಗೆ ಬಂದದ್ದು 2002ರಲ್ಲಿ. ಸೈನ್ಯ ಈಗಲೂ ಅವರವರದು, ತೆರಿಗೆಯ ತೀರ್ಮಾನಕ್ಕೆ ಈಗಲೂ ಎಲ್ಲರ ಒಪ್ಪಿಗೆ ಬೇಕು, ಒಕ್ಕೂಟದ ಆಯವ್ಯಯ ಸದಸ್ಯರ ಒಟ್ಟು ವರಮಾನದ ಶೇ. 1ರ ಆಸುಪಾಸು. ನಾಣ್ಯ ಒಂದು, ಬೊಕ್ಕಸ ಹಲವು ಆದಾಗ ಏನಾಗುತ್ತದೆ ಅನ್ನುವುದು 2010ರ ಗ್ರೀಸ್ ಸಾಲದ ಬಿಕ್ಕಟ್ಟಿನಲ್ಲಿ ಕಂಡಿತು. ನಾಣ್ಯದ ಬೆಲೆ ಇಳಿಸಿಕೊಳ್ಳುವ ದಾರಿ ಅವರಿಗಿರಲಿಲ್ಲ, ಬೊಕ್ಕಸದಿಂದ ತಾನಾಗಿ ಹರಿದುಬರುವ ಹಣವೂ ಇರಲಿಲ್ಲ. ಭಾರತದಲ್ಲಿ ಬರಗಾಲ ಬಿದ್ದ ರಾಜ್ಯಕ್ಕೆ ಹಣಕಾಸು ಆಯೋಗ ಗೊತ್ತುಮಾಡಿದ ಕೇಂದ್ರ ತೆರಿಗೆಯ ಪಾಲು ನಿಲ್ಲುವುದಿಲ್ಲ.

ಇನ್ನೊಂದು: ಒಕ್ಕೂಟದಿಂದ ಹೊರಗೆ ಹೋಗಲು 50ನೇ ವಿಧಿ ಇದೆ. ಬ್ರಿಟನ್ 2016ರಲ್ಲಿ ಜನಮತ ಕೇಳಿ, 2020ರ ಜನವರಿ 31ಕ್ಕೆ ಹೋಯಿತು, ಒಂದು ಗುಂಡೂ ಹಾರಲಿಲ್ಲ. ಸಾಮ್ರಾಜ್ಯದಿಂದ ಹಾಗೆ ಹೊರಟವರ ಉದಾಹರಣೆ ನನಗಂತೂ ನೆನಪಾಗುತ್ತಿಲ್ಲ.

ಶಿರಾ ಪರಗಣ

ಏಕಶಿಲೆ ಅವರೇ, ಹಣಕಾಸು ಆಯೋಗದ ಪಾಲು ನಿಲ್ಲುವುದಿಲ್ಲ ಅನ್ನುವುದು ಸರಿ, ಆದರೆ ಕಡಿಮೆಯಾಗುತ್ತದೆ. 14ನೇ ಆಯೋಗದಲ್ಲಿ ಕರ್ನಾಟಕದ ಪಾಲು ಶೇ. 4.713, 15ನೆಯದರಲ್ಲಿ 3.647. ಒಟ್ಟಿಗೆ ಇರುವುದರ ಲೆಕ್ಕ ಐದು ವರ್ಷಕ್ಕೊಮ್ಮೆ ಮತ್ತೆ ಕೂತು ಮಾಡಬೇಕಾದ್ದು. ಅದರ ಬಗ್ಗೆ ಗಟ್ಟಿಯಾಗಿ ವಾದ ಮಾಡುವುದು ಒಗ್ಗಟ್ಟಿಗೆ ವಿರೋಧ ಅಲ್ಲ.

ಕುವಲಾಲಪುರ (ಕೋಲಾರ)

ಇಲ್ಲಿಯವರೆಗೆ ಸಾಮ್ರಾಜ್ಯದ ತೂಕ ಕಡಿಮೆಯಾಗಿಯೇ ಕಾಣುತ್ತಿದೆ. ಎರಡು ವಿಷಯದಲ್ಲಿ ಅದು ನಮಗಿಂತ ಹಗುರವಾಗಿ ನಡೆಯಿತು ಅಂತ ನನ್ನ ಅಭಿಪ್ರಾಯ.

ಒಂದು, ಭಾಷೆ. ರಾಯರ ಶಾಸನಗಳು ಕನ್ನಡ, ತೆಲುಗು, ತಮಿಳು, ಸಂಸ್ಕೃತ ನಾಲ್ಕರಲ್ಲೂ ಇವೆ; ಆಯಾ ಸೀಮೆಗೆ ಆಯಾ ಭಾಷೆ. ಕೋಲಾರಮ್ಮನ ಗುಡಿಯ ಗೋಡೆಯಲ್ಲಿ ಚೋಳರ ತಮಿಳು, ಆವಣಿಯಲ್ಲಿ ನೊಳಂಬರ ಕಾಲದ ಕನ್ನಡ, ಸುತ್ತಲ ಊರುಗಳಲ್ಲಿ ತೆಲುಗು. ಯಾವ ಅರಸನಿಗೂ ಇದು ತೊಡಕಾಗಲಿಲ್ಲ. ರಾಜ್ಯಗಳ ಗಡಿ ಮತ್ತೆ ಎಳೆಯಲು ನೇಮಿಸಿದ 1953–55ರ ಫಜಲ್ ಅಲಿ ಆಯೋಗದ ಮುಂದೆ ಮಾತ್ರ ಕೋಲಾರ ಒಂದು ಪ್ರಶ್ನೆಯಾಯಿತು, ಯಾಕೆಂದರೆ ಜಿಲ್ಲೆಯ ಸುಮಾರು ಅರ್ಧ ಜನರ ಮನೆಮಾತು ತೆಲುಗು. ಭಾಷೆ ನೋಡಿ ಗಡಿ ಎಳೆಯುತ್ತೇವೆ ಅಂದ ಕೂಡಲೇ ಎರಡು ಭಾಷೆ ಆಡುವ ಜಿಲ್ಲೆ ಒಂದು ತೊಡಕಾಗುತ್ತದೆ. ಭಾಷೆ ಒಂದನ್ನೇ ನೋಡದೆ ಆಯೋಗ ಕೋಲಾರವನ್ನು ಮೈಸೂರಿನಲ್ಲೇ ಉಳಿಸಿತು, ಅದು ಸರಿಯಾದ ತೀರ್ಮಾನ. ಬಾಗೇಪಲ್ಲಿ, ಶ್ರೀನಿವಾಸಪುರದ ಸಂತೆಯಲ್ಲಿ ಒಂದೇ ವ್ಯಾಪಾರ ತೆಲುಗಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುತ್ತದೆ, ಅದರಿಂದ ಕರ್ನಾಟಕಕ್ಕೆ ಏನೂ ಕೊರತೆಯಾಗಿಲ್ಲ.

ಎರಡು, ವ್ಯಾಜ್ಯ ಬಿಡಿಸುವ ಬಗೆ. 1368ರ ಶ್ರವಣಬೆಳಗೊಳದ ಶಾಸನ ನೋಡಿ. ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾದಾಗ ಬುಕ್ಕರಾಯ ಎರಡೂ ಕಡೆಯವರನ್ನು ಕರೆಸಿ ಕೈಗೆ ಕೈ ಹಿಡಿಸಿದ. ಬರೀ ಉಪದೇಶ ಅಲ್ಲ, ಜಾರಿಯ ಕ್ರಮವೂ ಅದರಲ್ಲಿದೆ: ಜೈನರ ಮನೆಗೆ ವರ್ಷಕ್ಕೆ 1 ಹಣದಂತೆ ಎತ್ತಬೇಕು, ಅದರಿಂದ ಬೆಳಗೊಳದ ದೇವರಿಗೆ 20 ಕಾವಲಿನ ಆಳುಗಳನ್ನು ಇಡಬೇಕು, ಮಿಕ್ಕ ಹಣದಲ್ಲಿ ಜೀರ್ಣವಾದ ಬಸದಿಗಳಿಗೆ ಸುಣ್ಣ ಬಳಿಸಬೇಕು. ಈ ಹೊಣೆ ಯಾರಿಗೆ? ತಿರುಮಲೆಯ ತಾತಯ್ಯನಿಗೆ, ಅಂದರೆ ಎದುರು ಪಕ್ಷದ ಶ್ರೀವೈಷ್ಣವನಿಗೆ. ಕಾಪಾಡುವ ಕೆಲಸವನ್ನು ಎದುರಾಳಿಯ ಕೈಗೇ ಕೊಟ್ಟ ಆ ವಿವೇಕಕ್ಕೆ ಸಮನಾದದ್ದು ನಮ್ಮ ಕಾಯ್ದೆ ಪುಸ್ತಕಗಳಲ್ಲಿ ನನಗೆ ಸಿಕ್ಕಿಲ್ಲ.

ಬಟವಾಡಿ (ತುಮಕೂರು)

ಒಪ್ಪಿದೆ ಸರ್. ಒಂದೇ ಒಂದು ಮಾತು: ಬುಕ್ಕರಾಯನ ತೀರ್ಪು ಆ ಎರಡು ಪಂಗಡಗಳಿಗೆ, ಆ ವ್ಯಾಜ್ಯಕ್ಕೆ. ಮಾರನೇ ವರ್ಷ ಬೇರೆ ಊರಿನಲ್ಲಿ ಬೇರೆಯವರ ನಡುವೆ ಹಾಗೇ ಆದರೆ ಮತ್ತೆ ಅರಸನ ಹತ್ತಿರ ಹೋಗಬೇಕು. 1950ರ ನಂತರ ಒಬ್ಬಂಟಿ ಮನುಷ್ಯ ಹೈಕೋರ್ಟಿಗೆ ರಿಟ್ ಹಾಕಬಹುದು, ಜೊತೆಗೆ ಪಂಗಡ ಬೇಕಿಲ್ಲ. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 119ನೇ ಕಲಮು ಹಳೆಯ ಕಾನೂನುಗಳನ್ನು ಆಯಾ ಪ್ರದೇಶಕ್ಕೆ ಹಾಗೇ ಮುಂದುವರಿಸಿದ್ದರಿಂದ ಐದು ಕಡೆಯ ಐದು ಕಾನೂನು ಕೆಲಕಾಲ ಒಂದೇ ರಾಜ್ಯದಲ್ಲಿ ಇದ್ದವು. 115ನೇ ಕಲಮಿನ ಕೆಳಗೆ ನೌಕರರ ಜ್ಯೇಷ್ಠತಾ ಪಟ್ಟಿ ಹೊಂದಿಸುವ ತಕರಾರುಗಳಂತೂ ಕೋರ್ಟುಗಳಲ್ಲಿ ದಶಕಗಳ ಕಾಲ ನಡೆದವು. ಬೇಸರದ ಕೆಲಸ, ಆದರೆ ರಾಜ್ಯ ಒಂದಾದದ್ದು ಆ ಪಟ್ಟಿಗಳ ಮೇಲೆಯೇ.

ಕೈವಾರ ಕ್ರಾಸ್ (ಚಿಂತಾಮಣಿ)

ಎಲ್ಲ ಬರೆದುಕೊಂಡೆ. ಕೊನೆಯದಾಗಿ ಗುಂಟೆ–ಆಣೆ ಅವರಿಗೆ: ಹುಡುಗರು ಊರಿನ ದತ್ತಿ ಶಾಸನ ಓದಿದಾಗ "ಗದ್ದೆ ಖಂಡುಗ 2" ಅಂತ ಸಿಗುತ್ತದೆ, ಎಷ್ಟು ಎಕರೆ ಅಂತ ಕೇಳುತ್ತಾರೆ. ಏನು ಹೇಳಲಿ?

ಗುಂಟೆ–ಆಣೆ (ಮಧುಗಿರಿ)

ಎಕರೆಗೆ ಇಳಿಸಬೇಡಿ. ಪುಸ್ತಕದ ಹಿಂದಿನ ಕೋಷ್ಟಕ ಹಿಡಿದು ಗುಣಿಸಿದರೆ ಒಂದು ಸಂಖ್ಯೆ ಬರುತ್ತದೆ, ಅದು ಆ ಊರಿನದಾಗಿರುವುದಿಲ್ಲ. ಹೀಗೆ ಮಾಡಿಸಿ: ಶಾಸನದಲ್ಲಿ ಖಂಡುಗದ ಜೊತೆ ಕೆರೆಯ ಹೆಸರು, ತೂಬು, ನಾಲ್ಕು ದಿಕ್ಕಿನ ಎಲ್ಲೆ ಸಾಮಾನ್ಯವಾಗಿ ಇರುತ್ತದೆ, ಮೊದಲು ಅದನ್ನು ಬರೆದುಕೊಳ್ಳಲಿ. ಆಮೇಲೆ ಗ್ರಾಮನಕ್ಷೆ ತೆಗೆದು ಆ ಕೆರೆಯ ಅಚ್ಚುಕಟ್ಟಿನ ಸರ್ವೆ ನಂಬರುಗಳನ್ನು ಗುರುತಿಸಲಿ. ದೇವಸ್ಥಾನದ ಇನಾಂ (ದತ್ತಿ ಕೊಟ್ಟ) ಜಮೀನಾಗಿದ್ದರೆ 1955ರ ಧಾರ್ಮಿಕ ಇನಾಂ ರದ್ದತಿ ಕಾಯ್ದೆಯ ಕಾಲದ ಕಾಗದಗಳಲ್ಲಿ ವಿಸ್ತೀರ್ಣ ಎಕರೆ–ಗುಂಟೆಯಲ್ಲಿ ಸಿಗುವ ಸಾಧ್ಯತೆ ಇದೆ. ಆಕಾರಬಂದ್ (ಸರ್ವೆ ನಂಬರುವಾರು ವಿಸ್ತೀರ್ಣದ ದಾಖಲೆ) ಜೊತೆ ತಾಳೆ ನೋಡಲಿ. ಖರಾಬು (ಸಾಗುವಳಿಗೆ ಬಾರದ ನೆಲ) ಎಷ್ಟು ಅಂತ ಪ್ರತ್ಯೇಕ ಬರೆಯಲಿ, ಅದನ್ನು ಸೇರಿಸಿಬಿಟ್ಟರೆ ಲೆಕ್ಕ ಹೆಚ್ಚಾಗಿ ಬರುತ್ತದೆ. ಎಲ್ಲೆಗಳು ಹೊಂದಿದರೆ ಆ ಊರಿನ ಆ ಕೆರೆಯ ಕೆಳಗೆ ಒಂದು ಖಂಡುಗ ಗದ್ದೆ ಎಷ್ಟು ಗುಂಟೆ ಅಂತ ಹುಡುಗರೇ ಕಂಡುಕೊಂಡ ಹಾಗಾಗುತ್ತದೆ. ಪಕ್ಕದ ಊರಿಗೆ ಮಾತ್ರ ಮತ್ತೆ ಮೊದಲಿಂದ ಮಾಡಿಸಿ.